ಹೊರನಾಡ ಜರ್ಮನರ ಊರ ಪತ್ರಿಕೆಗಳು

ಅಮೆರಿಕದ ಹದಿಮೂರು ಸಂಸ್ಥಾನಗಳು ತಾವು ಸ್ವತಂತ್ರವೆಂದು ಸಾರಿಕೊಂಡದ್ದು ೧೭೭೬ನೆಯ ಇಸವಿ ಜುಲೈ ನಾಲ್ಕನೆಯ ತಾರೀಖು. ಫಿಲಡೆಲ್ಫಿಯ ಪಟ್ಟಣದಲ್ಲಿ ನಡೆದ ಈ ಸಂಗತಿಯನ್ನು ಎಲ್ಲರಿಗಿಂತ ಮೊದಲು, ಅಂದರೆ ಮಾರನೆಯ ದಿನವೇ, ಅಚ್ಚುಮಾಡಿ ಜನರ ಕೈಗೆ ಕೊಟ್ಟ ಪತ್ರಿಕೆ ಯಾವುದು? ಯಾವುದೋ ಒಂದು ಇಂಗ್ಲಿಷ್ ಪತ್ರಿಕೆ ಇದ್ದೀತು ಎಂದೇ ನಾವು ಊಹಿಸುತ್ತೇವೆ. ಆದರೆ ಆ ಕೀರ್ತಿ ಹೈನ್ರಿಚ್ ಮಿಲ್ಲರ್ ಎಂಬಾತನು ನಡೆಸುತ್ತಿದ್ದ 'ಪೆನ್ಸಿಲ್ವೇನಿಷರ್ ಸ್ಟಾಟ್ಸ್‌ಬೋಟೆ' ಎಂಬ ಜರ್ಮನ್ ಪತ್ರಿಕೆಗೆ ಸಲ್ಲುತ್ತದೆ. ಅದು ಹೊರಡುವ ದಿನ ಆ ಶುಕ್ರವಾರಕ್ಕೆ ಒದಗಿ ಬಂದದ್ದು ಅದರ ಅದೃಷ್ಟ. ನಾಲ್ಕು ದಿನ ಕಳೆದ ಮೇಲೆ ಘೋಷಣೆಯ ಪೂರ್ಣಪಾಠವನ್ನೂ ಅದು ಜರ್ಮನಿನಲ್ಲಿ ಪ್ರಕಟಿಸಿತು. ಇಂಗ್ಲಿಷರ ವಸಾಹತಿನಲ್ಲಿ ಜರ್ಮನ್ ಪತ್ರಿಕೆ ಎಲ್ಲಿಂದ ಬಂತು, ಅದನ್ನು ಓದುತ್ತಿದ್ದವರು ಯಾರು, ಅಂಥ ಪತ್ರಿಕೆಗಳು ಎಷ್ಟು ಕಾಲ ಬಾಳಿದವು, ಕೊನೆಗೆ ಏತರಿಂದ ನಿಂತುಹೋದವು ಎಂಬುದನ್ನು ಈ ಹೊತ್ತು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ. ಭಾಷೆ ಕಲಿಸಿ ಹೊಟ್ಟೆ ಹೊರೆಯುವವನಿಗೆ ಈ ಕಥೆಯಲ್ಲಿ ಏಕೆ ಆಸಕ್ತಿ ಎಂಬುದು ಮುಂದೆ ತಾನಾಗಿ ತಿಳಿದೀತು.

ಜರ್ಮನರು ಪೆನ್ಸಿಲ್ವೇನಿಯಕ್ಕೆ ಬಂದು ಜರ್ಮನ್‌ಟೌನ್ ಎಂಬ ಊರು ಕಟ್ಟಿದ್ದು ೧೬೮೩ರಲ್ಲಿ. ಐವತ್ತು ವರ್ಷ ಕಳೆಯುವುದರಲ್ಲಿ ಅವರ ಸಂಖ್ಯೆ ಸಾವಿರಾರಾಯಿತು. ಇಷ್ಟು ಜನ ಇದ್ದಾರೆ, ಇವರಿಗೊಂದು ಪತ್ರಿಕೆ ಹಾಕಿದರೆ ನಾಲ್ಕು ಕಾಸು ಬಂದೀತು ಎಂದು ಯೋಚಿಸಿದವನು ಮತ್ತಾರೂ ಅಲ್ಲ, ಬೆಂಜಮಿನ್ ಫ್ರಾಂಕ್ಲಿನ್. ೧೭೩೨ರಲ್ಲಿ ಅವನು 'ಫಿಲಡೆಲ್ಫಿಷೆ ತ್ಸೈಟುಂಗ್' ಎಂಬ ಪತ್ರಿಕೆಯನ್ನು ಹೊರಡಿಸಿದ. ಹಿಡಿದ ಕೆಲಸವನ್ನೆಲ್ಲ ಗೆದ್ದ ಆ ಜಾಣ ಇದರಲ್ಲಿ ಮಾತ್ರ ಸೋತ. ಒಂದೆರಡು ಸಂಚಿಕೆ ಬರುವುದರೊಳಗೆ ಪತ್ರಿಕೆ ನಿಂತಿತು. ಚಂದಾದಾರರು ಸಾಲದೆ ಹೋದರು ಎಂಬುದು ನಿಜ. ಆದರೆ ಇನ್ನೊಂದು ಕಾರಣವನ್ನೂ ತಿಳಿದವರು ಹೇಳುತ್ತಾರೆ. ಫ್ರಾಂಕ್ಲಿನ್ನನ ಅಚ್ಚುಕೂಟದಲ್ಲಿ ಇದ್ದದ್ದು ಇಂಗ್ಲಿಷಿಗೆ ಬಳಸುವ ರೋಮನ್ ಮೊಳೆಗಳು. ಅವುಗಳಲ್ಲೇ ಜರ್ಮನನ್ನು ಜೋಡಿಸಿ ಅಚ್ಚುಹಾಕಿದ. ಮಾತು ಜರ್ಮನ್, ಅಕ್ಷರ ಬೇರೆ. ಒಕ್ಕಲುಮಗನ ಕಣ್ಣಿಗೆ ಅದು ತನ್ನದಾಗಿ ಕಾಣಲಿಲ್ಲ.

ಏಳು ವರ್ಷದ ಮೇಲೆ, ೧೭೩೯ರಲ್ಲಿ, ಜರ್ಮನ್‌ಟೌನಿನ ಕ್ರಿಸ್ಟೋಫ್ ಸೌರ್ ಎಂಬಾತ ಇನ್ನೊಂದು ಪತ್ರಿಕೆ ಹೂಡಿದ. ಇವನು ಜರ್ಮನಿಯಿಂದಲೇ ಮೊಳೆಗಳನ್ನು ತರಿಸಿಕೊಂಡಿದ್ದ. ಪತ್ರಿಕೆ ಚೆನ್ನಾಗಿ ಬೇರೂರಿತು. ಅದೇ ಮೊಳೆಗಳಿಂದ ಅವನು ೧೭೪೩ರಲ್ಲಿ ಜರ್ಮನ್ ಬೈಬಲನ್ನು ಅಚ್ಚುಮಾಡಿದ. ಆ ನೆಲದಲ್ಲಿ ಇಂಗ್ಲಿಷ್ ಬೈಬಲ್ ಅಚ್ಚಾದದ್ದು ೧೭೮೨ರಲ್ಲಿ, ಅಂದರೆ ಸುಮಾರು ನಲವತ್ತು ವರ್ಷ ತಡವಾಗಿ.

ಆ ಅಕ್ಷರದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜರ್ಮನರು ಬಹುಕಾಲ ತಮ್ಮ ಗ್ರಂಥಗಳನ್ನು ಅಚ್ಚುಹಾಕಿದ್ದು 'ಫ್ರಾಕ್ಟೂರ್' ಎಂಬ ಲಿಪಿಯಲ್ಲಿ. ಆ ಮಾತಿಗೆ ಮುರಿದದ್ದು ಎಂದು ಅರ್ಥ. ಅಗಲವಾದ ಮೂತಿಯ ಲೇಖನಿಯಿಂದ ಎಳೆದ ಗೆರೆ ಬಾಗುವ ಕಡೆ ಬಾಗದೆ ಕೋನವಾಗಿ ಮುರಿಯುತ್ತದೆ. ಆದ್ದರಿಂದ ಆ ಹೆಸರು. ಅದರಲ್ಲಿ ಸಕಾರದ ಒಂದು ರೂಪಕ್ಕೂ ಫಕಾರಕ್ಕೂ ಒಂದು ಸಣ್ಣ ಅಡ್ಡಗೆರೆಯಷ್ಟೇ ವ್ಯತ್ಯಾಸ. ನಮ್ಮ ವಕಾರಕ್ಕೂ ಪಕಾರಕ್ಕೂ ಇರುವ ಅಂತರವನ್ನು ಹೊಸದಾಗಿ ಕಲಿಯುವವನು ಹೇಗೆ ತಪ್ಪುತ್ತಾನೋ ಅಲ್ಲಿಯೂ ಹಾಗೆಯೇ. ಬೈಬಲು, ಕೀರ್ತನೆಯ ಪುಸ್ತಕ, ಪಂಚಾಂಗ ಎಲ್ಲ ಆ ಲಿಪಿಯಲ್ಲಿ. ಪತ್ರಿಕೆಯೂ ಅದೇ ವೇಷದಲ್ಲಿ ಬಂದರೆ ಮಾತ್ರ ಮನೆಯೊಳಗೆ ಪ್ರವೇಶ.

ಈ ಮಾತು ಬಂದಾಗ ನಮ್ಮ ನಾಡಿಗೆ ಸೇರಿದ ಒಂದು ಸಂಗತಿ ನೆನಪಾಗುತ್ತದೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ೧೮೪೩ರ ಜುಲೈ ಒಂದರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಅದನ್ನು ಕಲ್ಲಚ್ಚಿನಲ್ಲಿ ತೆಗೆಸಿದ. ಕೈಯಲ್ಲಿ ಬರೆದ ಕನ್ನಡ ಅಕ್ಷರ ಹೇಗಿತ್ತೋ ಹಾಗೆಯೇ ಓದುಗನ ಮುಂದೆ ಬಂತು. ಪರದೇಶದಲ್ಲಿ ಕುಳಿತ ಜರ್ಮನನೊಬ್ಬ ತನ್ನವರಿಗಾಗಿ ಅಲ್ಲದೆ ಆ ಪರದೇಶದವರಿಗಾಗಿಯೇ ಪತ್ರಿಕೆ ಮಾಡಿದ ಅಪೂರ್ವ ಉದಾಹರಣೆ ಇದು. ನಾವು ಈಗ ನೋಡಬೇಕಾದವರು ತಮ್ಮವರಿಗಾಗಿ ಮಾಡಿಕೊಂಡವರನ್ನು.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ಜನ ಹೊಳೆಯಂತೆ ಹರಿದು ಬಂದರು. ಬೆಳೆ ಕೆಟ್ಟು ಬಂದವರು, ಧರ್ಮಕ್ಕಾಗಿ ಬಂದವರು, ೧೮೪೮ರ ಕ್ರಾಂತಿ ವಿಫಲವಾಗಿ ತಲೆ ಉಳಿಸಿಕೊಳ್ಳಲು ಬಂದವರು. ಈ ಕೊನೆಯವರಲ್ಲಿ ಓದುಬರಹ ಬಲ್ಲವರೇ ಹೆಚ್ಚು; ಇವರು ಹೋದಲ್ಲೆಲ್ಲ ಪತ್ರಿಕೆ ಹುಟ್ಟಿತು. ೧೮೯೦ರ ಸುಮಾರಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಜರ್ಮನ್ ಭಾಷೆಯ ಪತ್ರಿಕೆಗಳೇ ಹತ್ತಿರ ಹತ್ತಿರ ೮೦೦ ಇದ್ದವು. ನ್ಯೂಯಾರ್ಕಿನಲ್ಲಿ ೧೮೩೪ರಲ್ಲಿ ಹುಟ್ಟಿದ 'ಸ್ಟಾಟ್ಸ್ ತ್ಸೈಟುಂಗ್' ದೊಡ್ಡ ಇಂಗ್ಲಿಷ್ ದಿನಪತ್ರಿಕೆಗಳಿಗೆ ಸರಿಸಮನಾಗಿತ್ತು. ಆದರೆ ದೊಡ್ಡ ಪಟ್ಟಣದ ಪತ್ರಿಕೆಗೆ ಎಲ್ಲ ಕಡೆಯೂ ಒಂದೇ ಜಾತಕ. ಸ್ವಾರಸ್ಯ ಇರುವುದು ಸಣ್ಣ ಊರುಗಳಲ್ಲಿ.

ಟೆಕ್ಸಾಸಿನ ನ್ಯೂ ಬ್ರೌನ್‌ಫೆಲ್ಸ್ ಅಂಥ ಒಂದು ಊರು. ೧೮೪೫ರ ಶುಭಶುಕ್ರವಾರದ ದಿನ ಜರ್ಮನ್ ರಾಜಕುಮಾರನೊಬ್ಬ ಜನರನ್ನು ಕರೆತಂದು ಕೋಮಾಲ್ ನದಿಯ ಬಳಿ ನೆಲೆಗೊಳಿಸಿದ ಊರು ಅದು. ಏಳು ವರ್ಷದ ಮೇಲೆ ಊರವರಿಗೆ ಪತ್ರಿಕೆ ಬೇಕೆನಿಸಿತು. ಸಂಪಾದಕನಾಗಿ ಆರಿಸಿದ್ದು ಫರ್ಡಿನಾಂಡ್ ಲಿಂಡ್‌ಹೈಮರ್ ಎಂಬ ಸಸ್ಯಶಾಸ್ತ್ರಜ್ಞನನ್ನು. ಈತ ಫ್ರಾಂಕ್‌ಫರ್ಟಿನವನು, ಹಲವು ವರ್ಷ ಟೆಕ್ಸಾಸಿನ ಕಾಡು ಬಯಲುಗಳಲ್ಲಿ ಗಾಡಿ ಹೊಡೆದುಕೊಂಡು ಅಲೆದು ಗಿಡಗಳನ್ನು ಕಿತ್ತು ಒಣಗಿಸಿ ಹಾರ್ವರ್ಡಿನ ಏಸಾ ಗ್ರೇ ಮುಂತಾದ ಪಂಡಿತರಿಗೆ ಕಳಿಸುತ್ತಿದ್ದ. ಅವನ ಹೆಸರು ಹೊತ್ತ ಗಿಡಗಳು ಇಂದಿಗೂ ಹಲವು. ಒಂದು ಹಳದಿ ಹೂವಿನ ಕುಲಕ್ಕೇ 'ಲಿಂಡ್‌ಹೈಮೆರಾ' ಎಂದು ಹೆಸರು. ಇಂಥವನು ೧೮೫೨ರಿಂದ ೧೮೭೨ರವರೆಗೆ, ಇಪ್ಪತ್ತು ವರ್ಷ, 'ನೊಯ್ ಬ್ರೌನ್‌ಫೆಲ್ಸರ್ ತ್ಸೈಟುಂಗ್' ಪತ್ರಿಕೆಯನ್ನು ನದಿಯ ದಂಡೆಯ ತನ್ನ ಮನೆಯಿಂದಲೇ ನಡೆಸಿದ. ಆ ಮನೆ ಈಗಲೂ ನಿಂತಿದೆ. ಅವನ ಅಭಿಪ್ರಾಯ ರುಚಿಸದವರು ಒಮ್ಮೆ ಅಚ್ಚಿನ ಯಂತ್ರವನ್ನೂ ಮೊಳೆಗಳನ್ನೂ ಹೊಳೆಗೆ ಎಸೆದರೆಂದೂ, ನೀರು ತಿಳಿಯಾಗಿದ್ದುದರಿಂದ ಅವನು ಎಲ್ಲವನ್ನೂ ಹೆಕ್ಕಿ ತಂದು ಪತ್ರಿಕೆಯನ್ನು ಹೊರಡಿಸಿದನೆಂದೂ ಊರಿನಲ್ಲಿ ಕಥೆ ಇದೆ. ಅಂತರ್ಯುದ್ಧದ ಕಾಲದಲ್ಲಿ ಕಾಗದ ಸಿಗದೆ ಪೊಟ್ಟಣ ಕಟ್ಟುವ ಕಾಗದದಲ್ಲೂ ಅಚ್ಚುಹಾಕಿದನಂತೆ.

ಹತ್ತಿರದ ಸಾನ್ ಆಂಟೋನಿಯೋ ಪಟ್ಟಣದಲ್ಲಿ ಆಡಾಲ್ಫ್ ದುವೇ ಎಂಬಾತ ೧೮೫೩ರಲ್ಲಿ ಇನ್ನೊಂದು ಜರ್ಮನ್ ಪತ್ರಿಕೆ ಆರಂಭಿಸಿದ್ದ. ಗುಲಾಮಗಿರಿ ನಡೆಯುತ್ತಿದ್ದ ಸೀಮೆಯ ಮಧ್ಯದಲ್ಲಿ ಕುಳಿತು ಗುಲಾಮಗಿರಿ ತಪ್ಪೆಂದು ಬರೆದ. ಜಾಹೀರಾತು ನಿಂತವು, ಬೆದರಿಕೆ ಬಂದವು, ಮೂರು ವರ್ಷಕ್ಕೆ ಎಲ್ಲವನ್ನೂ ಮಾರಿ ಊರು ಬಿಟ್ಟ. ಅವನನ್ನು ಹೆಚ್ಚು ನೋಯಿಸಿದ್ದು ಇಂಗ್ಲಿಷರ ಬೆದರಿಕೆಯಲ್ಲ, ಸುಮ್ಮನಿರು ಎಂದ ಸ್ವಜನರ ಬುದ್ಧಿವಾದ ಎಂದು ನನಗೆ ತೋರುತ್ತದೆ. ಪರನಾಡಿನಲ್ಲಿ ಸಣ್ಣ ಗುಂಪಾಗಿ ಬಾಳುವವರು ನೆರೆಯವರ ಮುಖ ನೋಡಿಕೊಂಡೇ ಮಾತನಾಡಬೇಕಾಗುತ್ತದೆ. ಅವರ ಪತ್ರಿಕೆಯೂ ಹಾಗೆಯೇ. ಅವೆಲ್ಲ ಧೈರ್ಯದ ಪತ್ರಿಕೆಗಳಾಗಿದ್ದವೆಂದು ಹೇಳಿದರೆ ಅತಿಸ್ತುತಿಯಾದೀತು.

ಹಾಗಾದರೆ ಜನ ಅವನ್ನು ಏಕೆ ಕಾದು ಕುಳಿತು ಓದುತ್ತಿದ್ದರು? ಇದಕ್ಕೆ ಉತ್ತರ 'ಡಕೋಟಾ ಫ್ರೈಯೆ ಪ್ರೆಸ್ಸೆ' ಎಂಬ ವಾರಪತ್ರಿಕೆಯಲ್ಲಿ ಸಿಗುತ್ತದೆ. ಅದರ ಓದುಗರು ಎರಡು ಸಲ ವಲಸೆ ಬಂದವರು. ರಷ್ಯದ ರಾಣಿ ಕ್ಯಾಥರೀನ್ ೧೭೬೩ರಲ್ಲಿ ಜರ್ಮನ್ ರೈತರನ್ನು ವೋಲ್ಗಾ ನದಿಯ ದಂಡೆಗೆ ಕರೆದಳು. ಅವಳ ಮೊಮ್ಮಗ ಅಲೆಕ್ಸಾಂಡರ್ ೧೮೦೪ರಲ್ಲಿ ಕಪ್ಪುಸಮುದ್ರದ ಬಯಲಿಗೆ ಕರೆದ. ನಿಮ್ಮ ಶಾಲೆ ನಿಮಗೆ, ನಿಮ್ಮ ಭಾಷೆ ನಿಮಗೆ, ನಿಮ್ಮ ಮಕ್ಕಳಿಗೆ ಸೈನ್ಯದ ಬಲವಂತ ಇಲ್ಲ ಎಂಬುದು ಕರೆದವರು ಕೊಟ್ಟ ಭಾಷೆ. ೧೮೭೦ರ ದಶಕದಲ್ಲಿ ರಷ್ಯ ಸರ್ಕಾರ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಆಗ ಮೂಟೆ ಕಟ್ಟಿ ಅಮೆರಿಕದ ಡಕೋಟಾ ಸೀಮೆಗೆ ಹೊರಟ ಸಾವಿರಾರು ಕುಟುಂಬಗಳಿಗೆ ಈ ಪತ್ರಿಕೆಯೇ ಚಾವಡಿಕಟ್ಟೆಯಾಯಿತು. ೧೮೭೪ರಲ್ಲಿ ಯಾಂಕ್ಟನ್ ಎಂಬ ಊರಲ್ಲಿ ಹುಟ್ಟಿದ ಅದು ಓದುಗರ ಹಿಂದೆಯೇ ಊರೂರು ತಿರುಗಿತು: ೧೯೦೯ರಲ್ಲಿ ಆಬರ್ಡೀನ್, ೧೯೨೦ರಲ್ಲಿ ನ್ಯೂ ಉಲ್ಮ್, ೧೯೩೨ರಲ್ಲಿ ಬಿಸ್ಮಾರ್ಕ್.

ಅದರ ಪುಟ ತೆರೆದರೆ ಬಹುಭಾಗ ಪತ್ರಗಳೇ. ಒಬ್ಬ ರೈತ ಬರೆಯುತ್ತಾನೆ: ನಮ್ಮ ಕಡೆ ಮಳೆ ಇಷ್ಟಾಯಿತು, ಗೋಧಿ ಹೀಗಿದೆ, ಇಂಥವರ ಮನೆಯಲ್ಲಿ ಮಗು ಹುಟ್ಟಿತು, ಇಂಥ ಮುದುಕಿ ತೀರಿಕೊಂಡಳು, ಗ್ಲುಕ್ಸ್‌ಟಾಲ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಕೆನಡಾಕ್ಕೆ ಹೋದರೆಂದು ಕೇಳಿದೆ, ಎಲ್ಲಿದ್ದಾರೆ? ಈ ಗ್ಲುಕ್ಸ್‌ಟಾಲ್ ಇರುವುದು ಅಮೆರಿಕದಲ್ಲಲ್ಲ, ಕಪ್ಪುಸಮುದ್ರದ ಕಡೆ. ಬಿಟ್ಟುಬಂದ ಊರನ್ನೇ ಅವರು ಇನ್ನೂ ವಿಳಾಸವಾಗಿ ಬಳಸುತ್ತಿದ್ದರು. ಪತ್ರಿಕೆಗೆ ರಷ್ಯದಲ್ಲೂ ಚಂದಾದಾರರಿದ್ದರು. ಹೀಗಾಗಿ ಡಕೋಟಾದವನು ಕೇಳಿದ ಪ್ರಶ್ನೆಗೆ ಕೆಲವು ತಿಂಗಳ ಮೇಲೆ ಸಮುದ್ರದಾಚೆಯಿಂದ, ಅದೇ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ಉತ್ತರ ಬರುತ್ತಿತ್ತು. ೧೯೨೧-೨೨ರ ಕ್ಷಾಮದಲ್ಲಿ ಆ ಪತ್ರಗಳ ಧ್ವನಿ ಬದಲಾಯಿತು. ಗೋಧಿಯ ಸುದ್ದಿ ಹೋಗಿ ಹಸಿವಿನ ಸುದ್ದಿ ಬಂತು. ಮುಂದೆ ಸ್ಟಾಲಿನ್ನನ ಕಾಲದಲ್ಲಿ ಪತ್ರಗಳು ಕಡಮೆಯಾದವು, ಆಮೇಲೆ ನಿಂತವು. ವೋಲ್ಗಾ ದಂಡೆಯ ಜರ್ಮನರನ್ನು ಊರೂರೇ ಎಬ್ಬಿಸಿ ಸೈಬೀರಿಯ, ಕಜಾಕ್‌ಸ್ತಾನಗಳಿಗೆ ಸಾಗಿಸಬೇಕೆಂಬ ಆಜ್ಞೆ ಹೊರಟದ್ದು ೧೯೪೧ರ ಆಗಸ್ಟ್ ೨೮ರಂದು.

ಪತ್ರಿಕೆಯನ್ನು ಹೀಗೆ ಜನರನ್ನು ಹುಡುಕುವುದಕ್ಕೆ ಬಳಸಿದ ಇನ್ನೊಂದು ಗುಂಪು ಹಿಟ್ಲರನಿಂದ ಓಡಿಬಂದ ಜರ್ಮನ್ ಯೆಹೂದ್ಯರದು. ೧೯೩೪ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸಂಘದ ಸುದ್ದಿಪತ್ರವಾಗಿ ಆರಂಭವಾದ ಅವರ 'ಔಫ್‌ಬೌ' ಪತ್ರಿಕೆಯಲ್ಲಿ ಥಾಮಸ್ ಮಾನ್, ಹಾನಾ ಆರೆಂಟ್ ಮೊದಲಾದ ಮಹನೀಯರು ಬರೆದರು. ಆದರೆ ೧೯೪೪ರಿಂದ ೪೬ರವರೆಗೆ ಓದುಗರು ಮೊದಲು ತಿರುವುತ್ತಿದ್ದ ಪುಟ ಬದುಕಿ ಉಳಿದವರ ಹೆಸರುಗಳ ಪಟ್ಟಿ. ಸಣ್ಣಕ್ಷರದಲ್ಲಿ ಹೆಸರು, ಊರು, ಅಷ್ಟೇ. ತಾಯಿಯ ಹೆಸರು ಸಿಕ್ಕೀತೆ ಎಂದು ಬೆರಳಿಟ್ಟುಕೊಂಡು ಓದುವವನಿಗೆ ಅದಕ್ಕಿಂತ ದೊಡ್ಡ ಲೇಖನ ಬೇರೆ ಯಾವುದಿದೆ?

ಇನ್ನು ಭಾಷೆಯ ಮಾತು. ಈ ಜನರೆಲ್ಲ ಮನೆಯಲ್ಲಿ ಆಡುತ್ತಿದ್ದದ್ದು ಪತ್ರಿಕೆಯ ಜರ್ಮನ್ ಅಲ್ಲ. ಒಬ್ಬರದು ಸ್ವಾಬಿಯದ ಆಡುಮಾತು, ಒಬ್ಬರದು ಕಡಲಕರೆಯ ತಗ್ಗು ಜರ್ಮನ್. ಒಬ್ಬರ ಮನೆಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯದು. ಪತ್ರಿಕೆ, ಬೈಬಲು, ಉಪದೇಶ ಇವುಗಳ ಭಾಷೆ ಗ್ರಾಂಥಿಕ. ಅದು ಶಾಲೆಯಲ್ಲಿ ಕಲಿತರೆ ಮಾತ್ರ ಬರುವಂಥದು. ಧಾರವಾಡದವರೂ ಮಂಗಳೂರಿನವರೂ ಮೈಸೂರಿನವರೂ ಆಡುವುದು ಒಂದೊಂದು ಬಗೆಯಾದರೂ ಅಚ್ಚಿನ ಕನ್ನಡದಲ್ಲಿ ಒಂದಾಗುತ್ತೇವಲ್ಲ, ಹಾಗೆ. ಆದ್ದರಿಂದ ಪತ್ರಿಕೆಯ ಆಯುಷ್ಯ ಮನೆಯ ಮಾತಿನ ಮೇಲೆ ನಿಂತಿರಲಿಲ್ಲ. ಹಳ್ಳಿಯ ಶಾಲಾಮಾಸ್ತರನ ಮೇಲೆ ನಿಂತಿತ್ತು. ಈ ಸೂಕ್ಷ್ಮವನ್ನು ಪತ್ರಿಕೆಗಳ ಚರಿತ್ರೆ ಬರೆದವರು ಸಾಕಷ್ಟು ಒತ್ತಿ ಹೇಳಿಲ್ಲವೆಂದು ನನ್ನ ಭಾವನೆ.

೧೯೧೭ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಅಕ್ಟೋಬರಿನಲ್ಲಿ ಒಂದು ಕಾನೂನು ಬಂತು. ಸರ್ಕಾರದ ಬಗ್ಗೆಯಾಗಲಿ ಯುದ್ಧದ ಬಗ್ಗೆಯಾಗಲಿ ಪರಭಾಷಾ ಪತ್ರಿಕೆ ಏನು ಬರೆದರೂ ಅದರ ಇಂಗ್ಲಿಷ್ ಭಾಷಾಂತರವನ್ನು ಪ್ರಮಾಣಪೂರ್ವಕವಾಗಿ ಊರಿನ ಪೋಸ್ಟ್ ಮಾಸ್ತರರಿಗೆ ಒಪ್ಪಿಸಬೇಕು. ಸರ್ಕಾರ ವಿನಾಯಿತಿ ಕೊಟ್ಟರೆ ಮಾತ್ರ ಬಿಡುಗಡೆ. ದೊಡ್ಡ ಪತ್ರಿಕೆ ಭಾಷಾಂತರಕಾರನನ್ನು ಇಟ್ಟುಕೊಂಡೀತು. ತಾನೇ ಬರೆದು ತಾನೇ ಮೊಳೆ ಜೋಡಿಸಿ ತಾನೇ ವಿಳಾಸ ಅಂಟಿಸುವ ಹಳ್ಳಿಯ ಸಂಪಾದಕ ಏನು ಮಾಡಬೇಕು? ಅಯೋವಾ ಸಂಸ್ಥಾನದ ಗವರ್ನರು ೧೯೧೮ರ ಮೇ ತಿಂಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೀದಿಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ ಕೂಡ ಇಂಗ್ಲಿಷನ್ನು ಬಿಟ್ಟು ಬೇರೆ ಆಡಕೂಡದೆಂದು ಸಾರಿದರು. ಆಸ್ಟ್ರೇಲಿಯದಲ್ಲೂ ಇದೇ ಗಾಳಿ: ದಕ್ಷಿಣ ಆಸ್ಟ್ರೇಲಿಯದಲ್ಲಿ ೬೯ ಊರುಗಳ ಜರ್ಮನ್ ಹೆಸರನ್ನು ಅಳಿಸಿ ಬೇರೆ ಇಟ್ಟರು, ೧೮೪೮ರಿಂದ ಅಲ್ಲಿ ನಡೆದುಬಂದಿದ್ದ ಜರ್ಮನ್ ಪತ್ರಿಕಾ ಪರಂಪರೆ ನಿಂತಿತು. ನಮ್ಮ ಕಡೆಯೂ ಆ ಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಜರ್ಮನರನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಕಳಿಸಿದ್ದುಂಟು.

ಅಮೆರಿಕದಲ್ಲಿ ೧೯೧೦ರಲ್ಲಿ ಸುಮಾರು ೫೫೦ ಇದ್ದ ಜರ್ಮನ್ ಪತ್ರಿಕೆಗಳು ೧೯೨೦ಕ್ಕೆ ಸುಮಾರು ೨೩೦ಕ್ಕೆ ಇಳಿದವು. ಹಾಗೆಂದು ಎಲ್ಲ ಪಾಪವನ್ನೂ ಯುದ್ಧದ ತಲೆಗೆ ಕಟ್ಟುವುದು ನ್ಯಾಯವಲ್ಲ. ಯುದ್ಧಕ್ಕೆ ಇಪ್ಪತ್ತು ವರ್ಷ ಮೊದಲೇ ಹೊಸ ವಲಸೆ ಕಡಮೆಯಾಗಿ ಇಳಿತ ಆರಂಭವಾಗಿತ್ತು. ಯುದ್ಧ ಕೊಟ್ಟ ನಿಜವಾದ ಪೆಟ್ಟು ಬಿದ್ದದ್ದು ಶಾಲೆಯ ಮೇಲೆ.

ನೆಬ್ರಾಸ್ಕಾ ಸಂಸ್ಥಾನ ೧೯೧೯ರಲ್ಲಿ ಒಂದು ಕಾನೂನು ಮಾಡಿತು. ಎಂಟನೆಯ ತರಗತಿ ಮುಗಿಸದ ಮಗುವಿಗೆ ಇಂಗ್ಲಿಷಲ್ಲದ ಭಾಷೆಯನ್ನು ಕಲಿಸಕೂಡದು. ಅಲ್ಲಿ ಲೂಥರ್ ಪಂಥದವರ ಹಳ್ಳಿಶಾಲೆಯೊಂದರಲ್ಲಿ ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯ ಮಧ್ಯಾಹ್ನದ ವಿರಾಮವನ್ನು ಅರ್ಧ ಗಂಟೆ ಹಿಗ್ಗಿಸಿ ಆ ಹೊತ್ತಿನಲ್ಲಿ ಮಕ್ಕಳಿಗೆ ಜರ್ಮನಿನಲ್ಲಿ ಬೈಬಲಿನ ಕಥೆ ಓದುವುದನ್ನು ಕಲಿಸುತ್ತಿದ್ದ. ಪಾಠದ ವೇಳೆಯಲ್ಲವಲ್ಲ ಎಂಬುದು ಅವನ ಸಮಾಧಾನ. ೧೯೨೦ರ ಮೇ ತಿಂಗಳ ಒಂದು ದಿನ ಜಿಲ್ಲೆಯ ಸರ್ಕಾರಿ ವಕೀಲ ಬಾಗಿಲಲ್ಲಿ ಬಂದು ನಿಂತ. ಹತ್ತು ವರ್ಷದ ಹುಡುಗನೊಬ್ಬ ಓದುತ್ತಿದ್ದ. ಮೇಯರ್ ಆ ಕ್ಷಣ ಇಂಗ್ಲಿಷಿಗೆ ತಿರುಗಿದ್ದರೆ ಬಂದವನು ಸುಮ್ಮನೆ ಹೊರಟುಹೋಗುತ್ತಿದ್ದ. ಅದು ಗೊತ್ತಿದ್ದೂ ಅವನು ಜರ್ಮನ್ ಪಾಠವನ್ನೇ ಮುಂದುವರಿಸಿದ. ಇಪ್ಪತ್ತೈದು ಡಾಲರ್ ದಂಡ ಬಿತ್ತು. ಸಂಸ್ಥಾನದ ಮೇಲಿನ ನ್ಯಾಯಾಲಯ ದಂಡವನ್ನು ಎತ್ತಿಹಿಡಿಯಿತು. ಮೊಕದ್ದಮೆ ವಾಷಿಂಗ್ಟನ್ನಿಗೆ ಹೋಯಿತು. ೧೯೨೩ರ ಜೂನಿನಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ, ಏಳು ಜನ ಒಂದು ಕಡೆ ಇಬ್ಬರು ಒಂದು ಕಡೆಯಾಗಿ, ಆ ಕಾನೂನನ್ನು ತಳ್ಳಿಹಾಕಿತು. ಉಪಾಧ್ಯಾಯನಾದವನು ತನ್ನ ವೃತ್ತಿಯ ಬಗ್ಗೆ ಎರಡು ನಿಮಿಷ ಹೆಮ್ಮೆಪಡಬಹುದಾದ ಕಥೆ ಇದು, ಆದ್ದರಿಂದ ಹೇಳಿದೆ. ಆದರೆ ಗೆಲುವು ಬರುವ ಹೊತ್ತಿಗೆ ಹೊಲದಲ್ಲಿ ಬೆಳೆ ಬಾಡಿತ್ತು. ಎಷ್ಟೋ ಶಾಲೆಗಳು ಜರ್ಮನನ್ನು ಬಿಟ್ಟಾಗಿತ್ತು; ಬಿಟ್ಟವು ಮತ್ತೆ ಹಿಡಿಯಲಿಲ್ಲ.

ಇದರ ಫಲ ಏನಾಯಿತೆಂದರೆ, ಟೆಕ್ಸಾಸಿನ ಊರುಗಳಲ್ಲಿ ೧೯೨೦ರ ಮೇಲೆ ಹುಟ್ಟಿದ ಮಕ್ಕಳು ಅಜ್ಜಿಯೊಡನೆ ಜರ್ಮನಿನಲ್ಲಿ ಸೊಗಸಾಗಿ ಹರಟುತ್ತಿದ್ದರು. ಅಜ್ಜಿ ಓದುವ ಪತ್ರಿಕೆಯನ್ನು ಕೈಗೆ ಕೊಟ್ಟರೆ ಒಂದು ಸಾಲು ಓದಲಾರರು. ಮಾತು ಇತ್ತು, ಮುರಿದ ಅಕ್ಷರ ಬರುತ್ತಿರಲಿಲ್ಲ. ಪ್ರತಿ ಮರಣವಾರ್ತೆಯೂ ಪತ್ರಿಕೆಗೆ ಒಬ್ಬ ಓದುಗನ ನಷ್ಟ. 'ಡಕೋಟಾ ಫ್ರೈಯೆ ಪ್ರೆಸ್ಸೆ' ೧೯೫೪ರಲ್ಲಿ ಮುಗಿಯಿತು. ಲಿಂಡ್‌ಹೈಮರನ ಪತ್ರಿಕೆ ೧೯೫೭ರಲ್ಲಿ ಜರ್ಮನನ್ನು ಬಿಟ್ಟು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಸೇರಿಕೊಂಡಿತು. ಆ ಪತ್ರಿಕೆಯ ಹೆಸರಿನ ಕೊನೆಯಲ್ಲಿ 'ತ್ಸೈಟುಂಗ್' ಎಂಬ ಒಂದು ಪದ ಮಾತ್ರ ಉಳಿದುಕೊಂಡಿದೆ. ಆಡುಮಾತು ಆಮೇಲೂ ಎರಡು ತಲೆಮಾರು ಬದುಕಿತು. ೨೦೦೧ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಮುದುಕರ ಮನೆಮನೆಗೆ ಹೋಗಿ ಅದನ್ನು ಧ್ವನಿಮುದ್ರಣ ಮಾಡಿಕೊಳ್ಳತೊಡಗಿದರು.

ಇದನ್ನು ಓದುವಾಗ ನನ್ನ ತರಗತಿಯ ಒಬ್ಬ ಹುಡುಗ ಕಣ್ಣಮುಂದೆ ಬರುತ್ತಾನೆ. ತಂದೆಯ ಉದ್ಯೋಗದಿಂದಾಗಿ ಮುಂಬಯಿಯಲ್ಲಿ ಬೆಳೆದು ಬಂದವನು. ಬಾಯಿಬಿಟ್ಟರೆ ಅಚ್ಚ ಕನ್ನಡ, ಅಜ್ಜಿಯ ಗಾದೆಗಳು ನಾಲಗೆಯ ತುದಿಯಲ್ಲಿ. ಪುಸ್ತಕ ತೆರೆದು ಓದಪ್ಪಾ ಎಂದರೆ ಮುಖ ಕೆಂಪಾಗುತ್ತಿತ್ತು. ಮನೆಯಲ್ಲಿ ಯಾರೂ ಅವನಿಗೆ ಅಕ್ಷರ ತಿದ್ದಿಸಿರಲಿಲ್ಲ. ಮಾತು ಬರುತ್ತದಲ್ಲ, ಇನ್ನೇನು ಎಂದುಕೊಂಡಿದ್ದರು. ಮೂರು ತಿಂಗಳು ಸಾಯಂಕಾಲ ಕೂಡಿಸಿಕೊಂಡು ತಿದ್ದಿಸಿದೆ. ಹೊರನಾಡುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕೇಳುಗರು ಯಾರಾದರೂ ಇದ್ದರೆ, ದಿನಕ್ಕೆ ಕಾಲು ಗಂಟೆ ಸಾಕು ಎಂದು ಅನುಭವದಿಂದ ಹೇಳಬಲ್ಲೆ.

ಜರ್ಮನ್ ಪತ್ರಿಕೆ ಉಳಿದುಕೊಂಡ ಕಡೆಗಳೂ ಉಂಟು. ಆಫ್ರಿಕದ ನಮೀಬಿಯ ಒಂದು ಕಾಲಕ್ಕೆ ಜರ್ಮನರ ವಸಾಹತಾಗಿತ್ತು. ಅಲ್ಲಿಯ ವಿಂಡ್‌ಹುಕ್ ಪಟ್ಟಣದಲ್ಲಿ ೧೯೧೬ರಲ್ಲಿ, ಜರ್ಮನರು ಸೋತ ಮರುವರ್ಷ, ಯುದ್ಧದ ಸುದ್ದಿಗಾಗಿ ಹುಟ್ಟಿದ ಹಾಳೆಯೊಂದು 'ಆಲ್‌ಗೆಮೈನೆ ತ್ಸೈಟುಂಗ್' ಎಂದು ಹೆಸರು ಬದಲಿಸಿಕೊಂಡು ೨೦೧೬ರಲ್ಲಿ ನೂರು ವರ್ಷ ತುಂಬಿಸಿತು. ಅಲ್ಲಿ ಜರ್ಮನ್ ಆಡುವವರು ಕಡಮೆ ಜನ. ಆದರೆ ಅವರ ಜರ್ಮನ್ ಶಾಲೆಗಳು ನಿಲ್ಲಲಿಲ್ಲ.

ಇನ್ನೊಂದು, ಮೆನ್ನೊನೈಟ್ ಎಂಬ ಪಂಥದವರದು. ಇವರೂ ರಷ್ಯದಿಂದ ಬಂದವರೇ. ಕೆನಡಾದ ಮಾನಿಟೋಬಾದಲ್ಲಿ ನೆಲಸಿದ್ದರು. ಮಕ್ಕಳು ಇಂಗ್ಲಿಷ್ ಶಾಲೆಗೇ ಹೋಗಬೇಕೆಂಬ ಕಾನೂನು ೧೯೧೬ರಲ್ಲಿ ಬಂದಾಗ ಅವರಲ್ಲಿ ಹಲವು ಸಾವಿರ ಜನ ಉಳುತ್ತಿದ್ದ ಹೊಲಗಳನ್ನು ಮಾರಿ ಮೆಕ್ಸಿಕೋಕ್ಕೂ ಪರಾಗ್ವೇಗೂ ಎತ್ತಂಗಡಿ ಹೋದರು. ಶಾಲೆಗಾಗಿ ಊರನ್ನೇ ಬಿಟ್ಟವರು. ಅವರು ಮನೆಯಲ್ಲಿ ಆಡುವುದು ತಗ್ಗು ಜರ್ಮನ್, ಓದುವುದು ಗ್ರಾಂಥಿಕ ಜರ್ಮನ್. ಮೆಕ್ಸಿಕೋ, ಬೊಲಿವಿಯ, ಪರಾಗ್ವೇಗಳಲ್ಲಿ ಚದುರಿಹೋದ ಅವರಿಗಾಗಿ ಮಾನಿಟೋಬಾದ ಸ್ಟೈನ್‌ಬಾಕ್ ಊರಿನಿಂದ ೧೯೭೭ರಲ್ಲಿ 'ಡೀ ಮೆನ್ನೊನೀಟಿಷೆ ಪೋಸ್ಟ್' ಎಂಬ ಪತ್ರಿಕೆ ಆರಂಭವಾಯಿತು. ಅದರಲ್ಲೂ ಹಳೆಯ ಡಕೋಟಾ ಪತ್ರಿಕೆಯ ಹಾಗೆ ಓದುಗರ ಪತ್ರಗಳೇ ಮುಖ್ಯ: ಮಳೆ, ಬೆಳೆ, ಮದುವೆ, ಸಾವು, ಯಾರು ಎಲ್ಲಿಗೆ ಹೋದರು. ಅದರ ಜೊತೆಗೆ ಮಕ್ಕಳು ಓದಲೆಂದೇ ಬೇರೆ ಒಂದು ಪತ್ರಿಕೆಯನ್ನೂ ಅವರು ಹೊರಡಿಸಿದರು.